ಬಿದ್ದವನ ಮುಂದೆ ನಿಂತ ಕುದುರೆ

ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ರಾಡ್ಮಿಲಾ ಗೊರಸಿನ ಸಂದಿಯ ಮಣ್ಣು ಕೆರೆಯುತ್ತಿದ್ದಳು.

"ಇದೇನಾ ವ್ರಾನಿಕ್?"

ಹಿಂದಿನಿಂದ ಬಂದ ಗಂಡುದನಿಗೆ ಕಪ್ಪು ಕುದುರೆ ಬೆಚ್ಚಿ ಕಾಲು ಕೊಡವಿತು. ಕೈಯಲ್ಲಿದ್ದ ಕೊಕ್ಕೆ ಜಾರಿ ಅವಳ ಹೆಬ್ಬೆರಳು ಸೀಳಿತು.

"ಕುದುರೆ ಹಿಂದೆ ನಿಂತು ಯಾರಾದ್ರೂ ಹಾಗೆ ಕೂಗ್ತಾರಾ? ಬದುಕಿ ಸಾಕಾಗಿದ್ಯಾ ನಿಮಗೆ?"

"ಅಯ್ಯೋ, ಕ್ಷಮಿಸಿ! ನಾನು ಕ್ರಿಶ್ಟೋಫ್. ಬ್ರನೋದಿಂದ ಫೋನ್ ಮಾಡಿದ್ನಲ್ಲ... ವಿಡಿಯೋ ಗೇಮ್‌ನವನು."

ಮಾತಾಡುತ್ತಲೇ ಅವನು ಕತ್ತಿನ ಬಟ್ಟೆ ಬಿಚ್ಚಿ ಅವಳ ಬೆರಳಿಗೆ ಸುತ್ತಿದ. ಬೇಡ ಅನ್ನಬೇಕೆಂದುಕೊಂಡಳು... ಅನ್ನಲಿಲ್ಲ. ಅವಳ ಕೈಯನ್ನು ಯಾರಾದರೂ ಹೀಗೆ ಹಿಡಿದು ಎಷ್ಟು ಕಾಲವಾಗಿತ್ತು!

ಅವನ ಕಂಪನಿಯದು ಮಧ್ಯಯುಗದ ಕಾಳಗದ ಆಟ. ಕತ್ತಿಯ ಏಟು ಬಿದ್ದರೆ ತನಗೇ ಬಿದ್ದಂತಾಗುತ್ತದೆ ಎಂದು ಆಡುವವರು ಹೊಗಳುತ್ತಿದ್ದರು. ಈಗ ಅದಕ್ಕೆ ಯುದ್ಧದ ಪ್ರಾಣಿಗಳನ್ನು ಸೇರಿಸಬೇಕಿತ್ತು. ನಿಜವಾದ ಕುದುರೆಯ ಮೈಗೆ ಬಿಳಿ ಗುಂಡುಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾ ನಿಲ್ಲಿಸಿ, ಅದರ ಓಟವನ್ನು ಕಂಪ್ಯೂಟರಿಗೆ ಇಳಿಸುವುದು ಕ್ರಿಶ್ಟೋಫ್‌ನ ಕೆಲಸ.

"ಕುದುರೆ ಬೆವರಿದ್ರೆ ನಿಲ್ಲಿಸಿಬಿಡ್ತೀನಿ," ಅಂದಳು ರಾಡ್ಮಿಲಾ. ಆಮೇಲೆ ದನಿ ತಗ್ಗಿಸಿದಳು. "ಇನ್ನೊಂದು ಮಾತು. ನನ್ನ ಮಗಳ ಮುಂದೆ ಈ ಕುದುರೆಯ ಹಳೇ ಕಥೆ ಎತ್ತಬಾರದು."

"ಎತ್ತಲ್ಲ."

ಯಾವ ಕಥೆ ಎಂದು ಅವನು ಕೇಳಲೇ ಇಲ್ಲ. ಅದು ಅವಳಿಗೆ ಆಗ ವಿಚಿತ್ರ ಅನಿಸಲೂ ಇಲ್ಲ.

ಲಾಯದ ಬಾಗಿಲಲ್ಲಿ ಎಂಟು ವರ್ಷದ ಅಪೋಲೆನಾ, ಬೆನ್ನಿಗೆ ಶಾಲೆಯ ಚೀಲ ಹೊತ್ತುಕೊಂಡೇ ವ್ರಾನಿಕ್‌ನ ಕತ್ತು ತಬ್ಬಲು ಕಾಯುತ್ತಿದ್ದಳು.

ಆ ಕಥೆ ಇಷ್ಟೇ. ಮೂರು ವರ್ಷದ ಹಿಂದೆ, ಊರ ಕೋಟೆಯ ಬೇಸಿಗೆ ಪ್ರದರ್ಶನದ ಅಣಕು ಕಾಳಗದಲ್ಲಿ ರಾಡ್ಮಿಲಾಳ ಗಂಡ ಸ್ತಿಬೋರ್ ಉಕ್ಕಿನ ಕವಚ ತೊಟ್ಟು ವ್ರಾನಿಕ್ ಮೇಲೆ ಕೂತಿದ್ದ. ಈಟಿ ತಾಗಿ ಕೆಳಗೆ ಬಿದ್ದ. ಗಾಬರಿಯಾದ ಕುದುರೆ ಮುಂಗಾಲೆತ್ತಿತು. ರಾಡ್ಮಿಲಾಳ ಕಣ್ಣೆದುರೇ ಆ ಕಾಲುಗಳು ಇಳಿದದ್ದು ಅವನ ಎದೆಯ ಮೇಲೆ.

ಮಗು ಆಗ ಅಜ್ಜಿಯ ಮನೆಯಲ್ಲಿತ್ತು. 'ಅಪ್ಪ ಬಿದ್ದು ತಲೆಗೆ ಪೆಟ್ಟಾಯ್ತು' ಎಂದಷ್ಟೇ ಅದಕ್ಕೆ ಹೇಳಿದರು. ಕುದುರೆಯನ್ನು ಕಸಾಯಿಯವನಿಗೆ ಕೊಟ್ಟುಬಿಡು ಎಂದು ಊರೆಲ್ಲ ಹೇಳಿತು. ಆದರೆ ಅಪ್ಪನನ್ನು ಮಣ್ಣು ಮಾಡಿದ ಸಂಜೆ ಆ ಮಗು ನಿದ್ದೆ ಹೋಗಿದ್ದು ವ್ರಾನಿಕ್‌ನ ಹುಲ್ಲಿನ ಮೇಲೆ... ಹೇಗೆ ಕೊಡುವುದು?

ದಿನಗಳು ಉರುಳಿದವು. ಕ್ರಿಶ್ಟೋಫ್ ಸಗಣಿ ಬಾಚುವುದನ್ನು ಕಲಿತ. ಬರುವಾಗ ಕೊಲಾಚ್ ಎಂಬ ಗಸಗಸೆ ಹೂರಣದ ಸಿಹಿ ಬನ್ನು ತರುತ್ತಿದ್ದ. ಅಪೋಲೆನಾ ಬಿಳಿ ಗುಂಡುಗಳನ್ನು ಕದ್ದು ಬೆಕ್ಕಿಗೆ ಅಂಟಿಸಿದಳು.

"ಮಾಮ, ನಿಮ್ಮ ಆಟದಲ್ಲಿ ಯುದ್ಧದ ಬೆಕ್ಕು ಯಾಕಿಲ್ಲ?"

"ಕರೆದ್ರೆ ಬರಲ್ಲ ಕಣೇ ಅದು. ಎರಡೂ ಸೈನ್ಯದ ಊಟ ಹೊಡೆದು ಮಲಗಿಬಿಡತ್ತೆ!"

ರಾಡ್ಮಿಲಾ ನಕ್ಕಳು. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

ಒಂದು ಕೆಲಸ ಮಾತ್ರ ಆಗಲಿಲ್ಲ. ನೆಲದ ಮೇಲೆ ಹುಲ್ಲಿನ ಗೊಂಬೆ ಮಲಗಿಸಿ, ಅದರ ಮೇಲೆ ಹಾಯಲು ವ್ರಾನಿಕ್‌ನನ್ನು ಓಡಿಸಿದರು. ಅದು ಗೊಂಬೆಯ ಮುಂದೆ ಗಕ್ಕನೆ ನಿಂತಿತು. ಮೈಯೆಲ್ಲ ನಡುಗಿತು. ಎಷ್ಟು ಸಲ ಓಡಿಸಿದರೂ ಅದೇ.

"ಸಾಕು," ಅಂದಳು ರಾಡ್ಮಿಲಾ. ಹೋಗಿ ಕುದುರೆಯ ಲಗಾಮು ಹಿಡಿದಳು.

ಕ್ರಿಶ್ಟೋಫ್ ಕ್ಯಾಮೆರಾಗಳನ್ನು ಎತ್ತಿಟ್ಟ.

ಚಳಿಗಾಲದ ಹೊತ್ತಿಗೆ ಅವಳನ್ನು ಬ್ರನೋ ನಗರದಲ್ಲಿದ್ದ ಕಂಪನಿಯ ಕಚೇರಿಗೆ ಕರೆದರು. ತನ್ನ ಕುದುರೆಯನ್ನು ತೆರೆಯ ಮೇಲೆ ನೋಡುವ ಖುಷಿಯಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಹೋದಳು.

ತೆರೆಯ ಮೇಲೆ ಕೆಸರಿನ ರಣರಂಗ. ಹೊಟ್ಟೆ ಸೀಳಿದ ಕುದುರೆಗಳು, ಗಂಟಲಿಗೆ ಬಾಯಿ ಹಾಕಿದ ನಾಯಿಗಳು. ನಡುವೆ ಒಬ್ಬ ಸವಾರ ಬಿದ್ದ. ಕಪ್ಪು ಕುದುರೆ ಮುಂಗಾಲೆತ್ತಿತು. ಮೊದಲು ಎಡಗಾಲು ಇಳಿಯಿತು... ಬಲಗಾಲು ಕವಚದ ಮೇಲೆ ಜಾರಿ, ಮತ್ತೆ ಊರಿತು.

ಆ ಜಾರುವಿಕೆ... ಅದು ರಾಡ್ಮಿಲಾಳ ಕನಸಿನಲ್ಲಿ ದಿನವೂ ಬರುತ್ತಿತ್ತು!

ಅದು ಸ್ತಿಬೋರ್‌ನ ಸಾವು.

"ಸೂಪರ್ ಅಲ್ವಾ?" ಪಕ್ಕದಲ್ಲಿ ಕೂತ ಮೇಲಧಿಕಾರಿ ಖುಷಿಯಿಂದ ಅಂದ. "ಯಾರೋ ನೋಡಿದವರು ತೆಗೆದ ವಿಡಿಯೋ ಸಿಕ್ತು. ಕ್ರಿಶ್ಟೋಫ್ ಜಾಣ, ಮನುಷ್ಯನ್ನ ಕೊಂದ ಕುದುರೆಯನ್ನೇ ಹುಡುಕಿಕೊಂಡು ಹೋದ!"

ಅವಳು ಕ್ರಿಶ್ಟೋಫ್‌ನತ್ತ ತಿರುಗಿದಳು. ಅವನ ಮುಖ ಸುಣ್ಣದಂತಾಗಿತ್ತು.

"ರಾಡ್ಮಿಲಾ, ಇವತ್ತು ಇದನ್ನ ತೋರಿಸ್ತಾರೆ ಅಂತ ನನಗೆ..."

ಅವಳು ಕೇಳಿಸಿಕೊಳ್ಳಲಿಲ್ಲ. ಕೋಟನ್ನೂ ಮರೆತು ಹಿಮದಲ್ಲಿ ನಡೆದುಬಿಟ್ಟಳು.

'ಕೊಲಾಚ್, ನಗು, ಮಗುವಿನ ಜೊತೆ ಆಟ... ಎಲ್ಲವೂ ಇದಕ್ಕೇನಾ?' ದಾರಿಯುದ್ದಕ್ಕೂ ಅವಳನ್ನು ಕೊಂದಿದ್ದು ಇನ್ನೂ ದೊಡ್ಡ ಭಯ. ಆಟ ಹೊರಗೆ ಬರುತ್ತದೆ. ಅಪೋಲೆನಾಳ ಶಾಲೆಯ ಹುಡುಗರೂ ನೋಡುತ್ತಾರೆ. 'ಇದು ನಿಮ್ಮ ಕುದುರೆ, ಅದು ನಿಮ್ಮಪ್ಪ' ಎಂದು ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಆಮೇಲೆ ಆ ಮಗು ಯಾರ ಕತ್ತು ತಬ್ಬಿಕೊಳ್ಳಬೇಕು?

ಅವನ ಫೋನುಗಳನ್ನು ಅವಳು ಎತ್ತಲಿಲ್ಲ.

ಹಿಮ ಕರಗುವ ಹೊತ್ತಿಗೆ ಒಂದು ಮಧ್ಯಾಹ್ನ ಕ್ರಿಶ್ಟೋಫ್ ಬಂದ. ಕೈಯಲ್ಲಿ ಅವಳ ಕೋಟು. ರಾಡ್ಮಿಲಾ ಹುಲ್ಲಿನ ಕವೆಗೋಲನ್ನು ಅವನತ್ತ ತಿರುಗಿಸಿ ಹಿಡಿದಳು.

"ಆಚೆ ಹೋಗಿ."

"ಹೋಗ್ತೀನಿ. ಹೇಳಿ ಹೋಗ್ತೀನಿ." ಅವನು ಹೊಸ್ತಿಲು ದಾಟಲಿಲ್ಲ. "ನನಗೆ ಮೊದಲೇ ಗೊತ್ತಿತ್ತು. ಆ ವಿಡಿಯೋ ನೋಡಿಯೇ ನಿಮ್ಮ ಕುದುರೆ ಆರಿಸಿದ್ದು. ಅಲ್ಲಿ ತೋರಿಸಿದ್ದನ್ನ ಮಾಡಿದ್ದೂ ನಾನೇ... ನಿಮ್ಮನ್ನ ನೋಡೋಕೆ ಮುಂಚೆ."

"ಬಂದ ಮೇಲೆ ಬಾಯಿ ಬಿದ್ದುಹೋಗಿತ್ತಾ?"

"ಹೇಳೋಣ ಅಂತ ಬಂದ ದಿನ ನೀವು ಬೆಳ್ಳುಳ್ಳಿ ಸೂಪ್ ಬಡಿಸಿದ್ರಿ. ಅಪೋಲೆನಾ ನನ್ನ ಪಕ್ಕ ಕೂತಳು. ಹೇಳಿದ್ರೆ ನಿಮ್ಮ ಮನೆಯ ಆ ಕುರ್ಚಿ ನನ್ನ ಕೈತಪ್ಪತ್ತೆ ಅನ್ನಿಸ್ತು... ಹೇಡಿ ನಾನು."

ಕವೆಗೋಲು ಸ್ವಲ್ಪ ಇಳಿಯಿತು.

"ಆ ದೃಶ್ಯ?"

"ಅಳಿಸಿದೆ. ಎಲ್ಲೂ ಉಳಿದಿಲ್ಲ. ಅದರ ಬದಲು ಗೊಂಬೆ ಮುಂದೆ ನಡುಗಿ ನಿಂತ ವ್ರಾನಿಕ್‌ನ ಹಾಕಿದೆ. ಯುದ್ಧದ ಕುದುರೆ ಹೆದರಬಾರದು ಅಂತ ಬೈದು ಅದನ್ನೂ ಕಿತ್ತುಹಾಕಿದ್ರು. ಆಟದಲ್ಲಿ ಈಗ ಇನ್ಯಾವುದೋ ಕುದುರೆ ಇನ್ಯಾರನ್ನೋ ತುಳಿಯತ್ತೆ, ಅದನ್ನ ತಪ್ಪಿಸೋಕೆ ನನ್ನಿಂದ ಆಗಲಿಲ್ಲ. ನನ್ನನ್ನ ಈಗ ನಾಯಿಗಳಿಗೆ ಹಾಕಿದ್ದಾರೆ."

"ನಾಯಿಗಳಿಗೆ?"

"ಹೂಂ, ಆಟದ ನಾಯಿಗಳ ಕೆಲಸಕ್ಕೆ. ಅವೂ ನನ್ನ ನೋಡಿದ್ರೆ ಬೊಗಳ್ತಾವೆ."

ಅವಳಿಗೆ ನಗು ಬಂತು. ಅದರ ಹಿಂದೆಯೇ ತಡೆಯಲಾಗದ ಅಳು ಬಂತು. ಕವೆಗೋಲು ಕೈಜಾರಿತು.

"ನನಗೆ ಅವಳದೇ ಭಯ ಕ್ರಿಶ್ಟೋಫ್! ಅವಳಿಗೆ ಇರೋದೇ ಈ ಕುದುರೆ. ಅದನ್ನೂ ಹೇಗೆ ಕಿತ್ಕೊಳ್ಳಲಿ?"

ಅವನು ಹೊಸ್ತಿಲು ದಾಟಿ ಬಂದು ಕೋಟನ್ನು ಅವಳ ಹೆಗಲಿಗೆ ಹೊದಿಸಿದ.

"ಒಬ್ಬರೇ ಹೇಳಬೇಡಿ. ನಾನು ಪಕ್ಕದಲ್ಲಿರ್ತೀನಿ. ಬೈದ್ರೆ ಬೈಸಿಕೊಳ್ತೀನಿ. ನಿಮ್ಮನ್ನ ಪ್ರೀತಿಸ್ತೀನಿ ರಾಡ್ಮಿಲಾ... ಹೇಳೋ ಮುಖ ನನಗಿಲ್ಲ, ಆದ್ರೂ ನಿಜ."

ಅವಳು ಅವನ ಎದೆಗೆ ಹಣೆಯೊತ್ತಿದಳು.

"ಇನ್ನೊಂದು ಸಲ ಏನಾದ್ರೂ ಮುಚ್ಚಿಟ್ಟರೆ ವ್ರಾನಿಕ್ ಹಿಂದೆ ನಿಲ್ಲಿಸಿ ಕೂಗಿಸ್ತೀನಿ ನಿನ್ನ."

"ಕೂಗ್ತೀನಿ."

"ಇರು... ಹೋಗಬೇಡ."

ಆಗ ಹುಲ್ಲು ಸರಸರ ಅಂದಿತು. ಇಬ್ಬರೂ ತಿರುಗಿದರು. ಬಾಗಿಲಲ್ಲಿ ಅಪೋಲೆನಾ! ಎಷ್ಟು ಹೊತ್ತಿನಿಂದ ನಿಂತಿದ್ದಳೋ...

"ಪುಟ್ಟಿ, ಬಾ ಇಲ್ಲಿ," ಅಂದಳು ರಾಡ್ಮಿಲಾ. ಕ್ರಿಶ್ಟೋಫ್‌ನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಅಪ್ಪನ ವಿಷಯ ಒಂದು ಹೇಳಬೇಕು..."

"ಗೊತ್ತಮ್ಮ. ಶಾಲೆಗೆ ಸೇರಿದ ವರ್ಷವೇ ಅಲ್ಲಿನ ಹುಡುಗರು ಹೇಳಿದ್ರು."

ಮಗು ಅಮ್ಮನ ಬಳಿ ಬರಲಿಲ್ಲ. ನೆಟ್ಟಗೆ ಕುದುರೆಯ ಬಳಿ ಹೋಯಿತು. ಅದು ತಲೆ ತಗ್ಗಿಸಿದಾಗ ತುದಿಗಾಲಲ್ಲಿ ನಿಂತು, ಎರಡೂ ಅಂಗೈಗಳಿಂದ ಅದರ ಕಿವಿಗಳನ್ನು ಮೆಲ್ಲಗೆ ಮುಚ್ಚಿ, ತಾಯಿಯತ್ತ ತಿರುಗಿತು.

"ಅಮ್ಮಾ... ಅಪ್ಪನ್ನ ತುಳಿದಿದ್ದು ತಾನೇ ಅಂತ ವ್ರಾನಿಕ್‌ಗೆ ಗೊತ್ತಾ?"