ದುರ್ಗಮ್ಮನ ಹುಣಸೆಮರ

ಮರದ ಕೊಡತಿಯಿಂದ ಕಾಂಡ ಬಡಿದು, ಒಳಗೆ ಗಟ್ಟಿಯೋ ಟೊಳ್ಳೋ ಎಂದು ಸದ್ದು ಕೇಳಿ ಹೇಳುವುದು ನನ್ನ ಕೆಲಸ. ಟೊಳ್ಳಾಗಿದ್ದರೆ ಮರ ಉರುಳಿಸುತ್ತಾರೆ.

ಕಳೆದ ಬೇಸಿಗೆಯಲ್ಲಿ ಚೌಳಹಿರಿಯೂರಿನ ರಸ್ತೆಬದಿಯ ಹುಣಸೆಮರಕ್ಕೆ ಕೊಡತಿ ಎತ್ತಿದಾಗ, ಎದುರುಮನೆಯ ಮುದುಕಿ ದುರ್ಗಮ್ಮ ಬಂದು ಕೈ ಹಿಡಿದರು.

"ಮೆಲ್ಲಗೆ ತಟ್ಟಪ್ಪಾ. ಹಲ್ಲು ಬರೋಕ್ ಮುಂಚೆ ಹೋದ ನನ್ ಕೂಸ್ನ ಮಣ್ಣು ಮಾಡಿದ್ದು ಇದರ ಬುಡದಲ್ಲೇ."

ಕೊಡತಿ ಕೆಳಗಿಟ್ಟು ಅಂಗೈಯಿಂದ ತಟ್ಟಿದೆ, ಹಾಲು ಕುಡಿದ ಮಗುವಿನ ಬೆನ್ನು ತಟ್ಟುವ ಹಾಗೆ. ನೆರಳಲ್ಲಿದ್ದರೂ ತೊಗಟೆ ಬೆಚ್ಚಗಿತ್ತು. ಐದಾರು ಸಲ ತಟ್ಟಿದ ಮೇಲೆ ಒಳಗಿನಿಂದ ಸಣ್ಣದೊಂದು ತೇಗು ಕೇಳಿಸಿತು.

"ಕಕ್ಕೊಂಡ್ಬಿಡ್ತು ಕಣಪ್ಪಾ," ಎನ್ನುತ್ತ ದುರ್ಗಮ್ಮ ಸೆರಗಿನ ತುದಿಯಿಂದ ತೊಗಟೆ ಒರೆಸಿದರು.

ಮರದ ಒಳಗನ್ನು ಅಳೆಯುವ ಯಂತ್ರ ಹಚ್ಚಿಯೂ ನೋಡಿದೆ. ತೊಗಟೆಯಿಂದ ತಿರುಳಿನವರೆಗೂ ಗಟ್ಟಿ. ಹಾಗೆಯೇ ಬರೆದುಕೊಟ್ಟೆ, ಮರ ಉಳಿಯಿತು.

ಅವರ ಸೆರಗಿಗೆ ಹತ್ತಿದ್ದ ಹಾಲಿನ ವಿಷಯ ಮಾತ್ರ ಬರೆಯಲಿಲ್ಲ. ಹುಣಸೆಮರದಲ್ಲಿ ಹಾಲು ಬರುವುದಿಲ್ಲ.