ಚೂಟಿ ಬಚ್ಚಿಟ್ಟ ನೆಗಡಿ

ಮೂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಚೂಟಿ ಸೀನನ್ನು ನುಂಗಿಬಿಟ್ಟಳು. ಕಣ್ಣಲ್ಲಿ ನೀರು ಬಂತು. ಅಮ್ಮ ಅಡುಗೆಮನೆಯಿಂದಲೇ ಏನದು ಎಂದು ಕೇಳಿದರೆ, ಏನಿಲ್ಲ ಎಂದಳು. ಬೆಳಗ್ಗೆಯಿಂದ ಇದು ಹನ್ನೊಂದನೇ ಸೀನು.

ನೆಗಡಿ ಎಂದು ಗೊತ್ತಾದರೆ ಅವಳನ್ನು ಮತ್ತೆ ಅತ್ತೆ ಮನೆಗೆ ಸಾಗಹಾಕುತ್ತಾರೆ. ಹೋದ ಸಲ ಹೀಗೇ ಆಗಿತ್ತು; ಯಾಕೆಂದು ಯಾರೂ ಹೇಳಿರಲಿಲ್ಲ. ನಾಲ್ಕು ದಿನ ಕಳೆದು ಬರುವಷ್ಟರಲ್ಲಿ ಅಪ್ಪನ ತಲೆಗೂದಲೆಲ್ಲ ಉದುರಿಹೋಗಿತ್ತು. ಬೀದಿಯವರಿಗೆಲ್ಲ ಕಟಿಂಗ್ ಮಾಡುವ ಅಪ್ಪ ಬೋಳುತಲೆ ಸವರಿಕೊಂಡು, "ನನ್ ಕಟಿಂಗ್ ಫ್ರೀಯಾಗೇ ಆಯ್ತು ನೋಡು" ಎಂದು ನಕ್ಕಿದ್ದ. ಚೂಟಿಗೆ ನಗು ಬಂದಿರಲಿಲ್ಲ. ತಾನಿಲ್ಲದಾಗ ಇನ್ನೇನಾಗುತ್ತದೋ ಎಂಬ ಭಯ ಅಂದಿನಿಂದ ಅವಳನ್ನು ಬಿಟ್ಟಿರಲಿಲ್ಲ.

ಅಪ್ಪ ಒಳಕೋಣೆಯಲ್ಲಿ ಮಲಗಿದ್ದ. ಸೊಂಟದ ಚೀಲದಲ್ಲಿ ಔಷಧಿಯ ಪುಟ್ಟ ಬಾಟಲಿ, ಅದರಿಂದ ಎದೆಗೆ ಸಣ್ಣ ಟ್ಯೂಬು. ಎರಡು ದಿನದಲ್ಲಿ ಔಷಧಿಯೆಲ್ಲ ಹನಿಹನಿಯಾಗಿ ಒಳಗೆ ಹೋಗಿತ್ತು. ಟ್ಯೂಬು ತೆಗೆಯಲು ಆಸ್ಪತ್ರೆಯಿಂದ ಸಿಸ್ಟರ್ ಬಂದರು. ಹಾಲ್‌ನಲ್ಲಿ ಗ್ಲೌಸ್ ಹಾಕಿಕೊಳ್ಳುತ್ತಿದ್ದ ಅವರನ್ನು ಚೂಟಿ ಮೆಲ್ಲಗೆ ಕೇಳಿದಳು, "ಅಪ್ಪನ ಕ್ಯಾನ್ಸರ್ ಅಂಟುತ್ತಾ?"

"ಇಲ್ಲ ಪುಟ್ಟಾ, ಯಾರಿಗೂ ಅಂಟಲ್ಲ. ಔಷಧಿ ತುಂಬಾ ಸ್ಟ್ರಾಂಗು, ಕೈಗೆ ತಾಗಬಾರ್ದು, ಅದಕ್ಕೇ ಗ್ಲೌಸ್. ಗಡ್ಡೆ ಆಗ್ಲೇ ಅರ್ಧ ಕರಗಿದೆ." ಸಿಸ್ಟರ್ ಗ್ಲೌಸಿನ ಬೆರಳು ಸರಿಮಾಡಿಕೊಂಡರು. "ಆದ್ರೆ ಈ ಔಷಧಿಯಿಂದ ರೋಗ ತಡೆಯೋ ಶಕ್ತೀನೂ ಕಮ್ಮಿ ಆಗುತ್ತೆ. ನೆಗಡಿ ಬಂದ್ರೆ ನಮಗೆ ಮೂಗು ಸೋರುತ್ತೆ ಅಷ್ಟೆ. ಅಪ್ಪಂಗೆ ಅಂಟಿದ್ರೆ ಆಸ್ಪತ್ರೆ ಸೇರ್ಬೇಕಾಗ್ಬಹುದು."

ಚೂಟಿ ಮೂಗಿಗೆ ಕೈ ಅಡ್ಡ ಇಟ್ಟುಕೊಂಡಳು. ಅಷ್ಟರಲ್ಲಿ ಅಪ್ಪ ಒಳಗಿನಿಂದ ಕರೆದ. ಟ್ಯೂಬು ತೆಗೆಯುವಾಗ ಅವನಿಗೆ ಸ್ವಲ್ಪ ಹೆದರಿಕೆ. ಮನೆಯಲ್ಲಿದ್ದಾಗಲೆಲ್ಲ ಚೂಟಿಯೇ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತಿದ್ದಳು. ಈಗ ಅವಳ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು.

"ನಂಗೆ ನೆಗಡಿ ಆಗಿದೆ ಅಪ್ಪ. ಬೆಳಗ್ಗೆಯಿಂದಾನೇ. ಬೇಕಂತಾನೇ ಹೇಳ್ಲಿಲ್ಲ." ಹೇಳುತ್ತಲೇ ಅಳು ಬಂತು.

ಅಮ್ಮ ಬೈಯಲಿಲ್ಲ. ಸಿಸ್ಟರ್ ಅವಳಿಗೊಂದು ಮಾಸ್ಕ್ ಹಾಕಿದರು. ಅತ್ತೆ ಮನೆಗೆ ಹೋಗಬೇಕಿಲ್ಲ, ನೆಗಡಿ ವಾಸಿಯಾಗುವವರೆಗೆ ಹಾಲ್‌ನಲ್ಲಿದ್ದರೆ ಸಾಕು, ಆದರೆ ಕೋಣೆಯ ಬಾಗಿಲು ಮುಚ್ಚಿರಬೇಕು ಎಂದರು.

"ಒಂಚೂರು ತೆಗೆದಿರ್ಲಿ ಸಿಸ್ಟರ್, ಅವಳ ಮುಖ ಆದ್ರೂ ಕಾಣ್ಲಿ" ಎಂದು ಅಪ್ಪ ಗೋಗರೆದ.

ಚೂಟಿ ಕಣ್ಣು ಒರೆಸಿಕೊಂಡು, "ಬೇಡಪ್ಪ" ಎಂದಳು. ಸಿಸ್ಟರ್ ಒಳಗೆ ಹೋದ ಮೇಲೆ ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.

ಆಮೇಲೆ ಆ ಬಾಗಿಲಿಗೇ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಲೆಕ್ಕದ ಮೇಷ್ಟ್ರು ಡಸ್ಟರ್‌ನಿಂದ ಬೆವರು ಒರೆಸಿಕೊಂಡು, ಇಡೀ ಪೀರಿಯಡ್ ಬಿಳಿ ಮುಖದಲ್ಲೇ ಪಾಠ ಮಾಡಿದ ಕತೆಯನ್ನು ಜೋರಾಗಿ ಹೇಳತೊಡಗಿದಳು. ಒಳಗೆ ಅಪ್ಪ ಬಿದ್ದೂ ಬಿದ್ದೂ ನಕ್ಕ.

ಸಿಸ್ಟರ್ ಹೊರಗೆ ಬಂದು, ಟ್ಯೂಬು ತೆಗೆದದ್ದು ಅಪ್ಪನಿಗೆ ಗೊತ್ತೇ ಆಗಲಿಲ್ಲ ಎಂದರು. ಕೈ ಹಿಡಿಯದಿದ್ದರೂ ಅಪ್ಪ ಹೆದರಲಿಲ್ಲವಲ್ಲ ಎಂದು ಚೂಟಿಗೆ ಸಮಾಧಾನವಾಯಿತು. ಮುಂದಿನ ಕತೆ ಯಾವುದು ಹೇಳಲಿ ಎಂದು ಬಾಗಿಲಿಗೆ ಕಿವಿಯಿಟ್ಟು ಕೇಳಿದಳು.