ಯಾವ ಕಡೆ ಕೂರ್ತೀರಿ?

"ನನ್ನ ಬಗ್ಗೆ ಏನು ಬರೆದೆ?"

ಬೆಳಗಿನ ಪೂಜೆ ಮುಗಿದು ಚರ್ಚು ಖಾಲಿಯಾಗಿತ್ತು. ಬಲಿಪೀಠದ ಬಟ್ಟೆ ಮಡಿಸುತ್ತಿದ್ದ, ಫಾದರಿಗೆ ನೆರವಾಗುವ ಉಪದೇಶಿ ಇನ್ನಾಸಿ ತಲೆಯೆತ್ತುವಷ್ಟರಲ್ಲಿ ಲೂರ್ದು ಅವನೆದುರು ನಿಂತಿದ್ದಳು. ಕೈಯಲ್ಲಿ ಕಾನ್ವೆಂಟಿನಿಂದ ಬಂದ ಕಾಗದ.

"ನನಗೆ ದೈವಕರೆ ಇಲ್ವಂತೆ. ಹನ್ನೆರಡು ವರ್ಷದಿಂದ ಸಿಸ್ಟರ್ ಆಗ್ಬೇಕು ಅಂತ ಕಾದವಳಿಗೆ ಒಂದೇ ಸಾಲಿನ ಉತ್ತರ. ಫಾದರಿಗೆ ವಯಸ್ಸಾಯ್ತು, ಅವರ ಪರವಾಗಿ ಶಿಫಾರಸು ಬರೆದವನು ನೀನು."

"ಲೂರ್ದು..."

"ಈಸ್ಟರಿಗೆ ನಿಮ್ಮಮ್ಮ ಹೆಣ್ಣು ಕೇಳೋಕೆ ಬಂದ್ರು. ಕಾನ್ವೆಂಟಿಗೆ ಹೋಗ್ತೀನಿ ಅಂದೆ. ಆ ಸೇಡು ತೀರಿಸ್ಕೊಂಡ್ಯಾ?"

ಇನ್ನಾಸಿ ಕಪಾಟಿನಿಂದ ಶಿಫಾರಸಿನ ನಕಲು ತೆಗೆದು ಅವಳ ಮುಂದಿಟ್ಟ.

'ಈ ಊರಿನಿಂದ ದೇವರು ಯಾರನ್ನಾದರೂ ಕರೆದಿದ್ದರೆ, ಅದು ಇವಳನ್ನೇ.'

ಅಕ್ಷರಗಳು ಮಂಜಾದವು. ನನ್ನನ್ನು ಬಯಸಿದವನು ಕೈಯಾರೆ ನನ್ನನ್ನು ಬಿಟ್ಟುಕೊಟ್ಟಿದ್ದಾನೆ... ಇವನನ್ನೇ ಬೈದೆನಲ್ಲ...

"ಮತ್ತೆ ಯಾಕೆ ಬೇಡ ಅಂದ್ರು?"

"ಸಿಸ್ಟರುಗಳು ನಿಮ್ಮನೆ ನೋಡೋಕೆ ಬಂದಾಗ ನಿಮ್ಮಪ್ಪನ್ನ ಏನು ಕೇಳಿದ್ರು, ನೆನಪು ಮಾಡ್ಕೋ."

ಚರ್ಚಿನಲ್ಲಿ ಯಾವ ಕಡೆ ಕೂರ್ತೀರಿ ಎಂದು ಕೇಳಿದ್ದರು. ಎಡಗಡೆ ಎಂದಿದ್ದ ಅಪ್ಪ. ಬಲಗಡೆ ಊರಿನವರು, ಎಡಗಡೆ ಕೇರಿಯವರು. ಅಜ್ಜನ ಕಾಲದಿಂದಲೂ ಹಾಗೆ; ನಡುವೆ ಶಿಲುಬೆಯೊಂದೇ. ಆಮೇಲೆ ಸಿಸ್ಟರುಗಳು ಕಾಫಿ ಬೇಡವೆಂದು ಎದ್ದಿದ್ದರು. ಉಪವಾಸವೇನೋ ಎಂದುಕೊಂಡಿದ್ದಳು ಹುಚ್ಚಿ.

ಅವಳ ಕೋಪಕ್ಕೆ ಈಗ ಸರಿಯಾದ ವಿಳಾಸ ಸಿಕ್ಕಿತು.

"ಕಾನ್ವೆಂಟಿಗೆ ಹೋಗೋ ವಿಳುಪ್ಪುರಂ ಬಸ್ ಎಷ್ಟೊತ್ತಿಗೆ?"

"ಹತ್ತಕ್ಕೆ. ನಾನೂ ಬರ್ತೀನಿ."

"ಬಂದು ಬಾಯಿ ಹಾಕಬಾರದು."

"ನೀನಿರುವಾಗ ನಂಗೆಲ್ಲಿ ಸಂದು ಸಿಗುತ್ತೆ?"

ಕಾನ್ವೆಂಟಿನ ಮದರ್ ನಗುತ್ತಲೇ ಕೂರಿಸಿದರು. "ದೇವರು ಕರೆದವಳ ಮನಸ್ಸಲ್ಲಿ ಶಾಂತಿ ಇರುತ್ತೆ ಮಗಳೇ. ನಿನ್ನಲ್ಲಿ ಬರೀ ಕೋಪ ಕಾಣ್ತಿದೆ."

"ದೇವಾಲಯದಲ್ಲಿ ವ್ಯಾಪಾರಕ್ಕೆ ಕೂತವರ ಮೇಲೆ ಯೇಸು ಚಾಟಿ ಬೀಸಿದ್ರಲ್ಲ, ಆಗ ಯಾವ ಶಾಂತಿ ಇತ್ತು ಮದರ್? ನನಗೆ ಕರೆ ಇದೆಯೋ ಇಲ್ವೋ, ಪ್ರಾರ್ಥನೆ ಮಾಡಿ ಹೇಳಿ, ತಲೆಬಾಗ್ತೀನಿ. ನಮ್ಮಪ್ಪ ಕೂರೋ ಜಾಗ ನೋಡಿ ಹೇಳ್ಬೇಡಿ. ಬೆಸ್ತರನ್ನ ಶಿಷ್ಯರಾಗಿ ಕರೆಯೋವಾಗ ಯೇಸು ಬೀದಿ ಹೆಸರು ಕೇಳಿದ್ರಾ?"

ವರಾಂಡ ಒರೆಸುತ್ತಿದ್ದ ಹೊಸ ಹುಡುಗಿಯರ ಕೈ ನಿಂತುಹೋಯಿತು. ಮದರ್ ಮುಖದ ನಗು ಜಾರಿತು. ಶಿಫಾರಸಿನ ಕಾಗದ ಮತ್ತೆ ತಿರುವಿ ನೋಡಿದರು. ಕಡೆಗೆ, ಕಣ್ಣೆತ್ತದೆ, "ಜೂನಿನಲ್ಲಿ ಬಾ" ಎಂದರು.

"ಗೆದ್ದೆಯಲ್ಲ," ಎಂದ ಇನ್ನಾಸಿ, ಬಸ್ ನಿಲ್ದಾಣದಲ್ಲಿ. ನಗಲು ನೋಡಿದ, ಆಗಲಿಲ್ಲ.

"ಅದೇ ಕಷ್ಟ. ಗೆದ್ದೆ ಅನ್ನಿಸ್ತು. ದೇವರ ಹತ್ತಿರ ಬಂದೆ ಅನ್ನಿಸ್ಲಿಲ್ಲ." ಲೂರ್ದು ಹಲ್ಲು ಕಚ್ಚಿದಳು. "ಹತ್ತು ವರ್ಷದವಳಿದ್ದಾಗ ನಮ್ಮ ಚರ್ಚಲ್ಲಿ ಒಬ್ಬ ಸಿಸ್ಟರನ್ನ ನೋಡಿದ್ದೆ. ಎಲ್ಲಿ ಬೇಕೋ ಅಲ್ಲಿ ಕೂತ್ರು, ಯಾರೂ ಏಳಿ ಅನ್ನಲಿಲ್ಲ. ನನಗೆ ಬೇಕಾಗಿದ್ದು ಆ ಬಿಳಿ ಬಟ್ಟೆ ಇನ್ನಾಸಿ. ಅದನ್ನೇ ಕರೆ ಅಂದ್ಕೊಂಡೆ. ಈ ಎಡ ಬಲದ ಗಲಾಟೆಯಲ್ಲಿ ದೇವರ ದನಿ ಯಾವುದು ಅಂತ ಕೇಳಿಸ್ಕೊಳ್ಳೋಕೂ ಬಿಡ್ಲಿಲ್ಲ ಇವರು. ಮೈಯೆಲ್ಲ ಉರೀತಿದೆ."

"ನೋಡು, ನನ್ನ ಮೇಲೆ ಕನಿಕರಪಟ್ಟು ಕಾನ್ವೆಂಟ್ ಬಿಡೋದಾದ್ರೆ ಬೇಡ. ಜೂನಿನಲ್ಲಿ ನಿನ್ನ ಪೆಟ್ಟಿಗೆ ನಾನೇ ಹೊತ್ತು ತರ್ತೀನಿ."

"ಕನಿಕರ? ನಿನ್ನ ಮೇಲೆ? ಮುಖ ನೋಡ್ಕೋ." ಅವಳ ದನಿ ಸ್ವಲ್ಪ ಇಳಿಯಿತು. "ಆ ಬಾಗಿಲು ತೆಗೆಸಿದ್ದೀನಿ. ನಿಜವಾಗಿ ಕರೆ ಇರೋ ಕೇರಿ ಹುಡುಗಿ ನಾಳೆ ತಲೆಯೆತ್ತಿ ಒಳಗೆ ಹೋಗ್ಲಿ. ನನ್ನ ಕರೆ ಬೇರೆ. ನೀನು ಬರೆದದ್ದು ಓದಿದಾಗ್ಲೇ ಗೊತ್ತಾಯ್ತು... ಒಪ್ಕೊಳ್ಳೋಕೆ ಕೋಪ ಅಡ್ಡ ಬಂತು."

ಇನ್ನಾಸಿ ಅವಳ ಕಡೆ ಪೂರ್ತಿ ತಿರುಗಿ ನಿಂತ.

"ನಿಮ್ಮಮ್ಮನ್ನ ಮತ್ತೆ ಕಳಿಸು. ಮದುವೆಗೆ ಮುಂಚೆ ಮೂರು ಭಾನುವಾರ ಫಾದರ್ ನಮ್ಮಿಬ್ಬರ ಹೆಸರು ಕೂಗ್ಲಿ. ಆಕ್ಷೇಪ ಇದ್ದವರು ಎದ್ದು ಹೇಳ್ಲಿ, ನಾನು ನೋಡ್ಕೋತೀನಿ."

"ನನ್ನದೇ ಒಂದು ಆಕ್ಷೇಪ ಇದೆ."

"ಏನು?"

"ಬೆಳಿಗ್ಗೆಯಿಂದ ಇಷ್ಟೆಲ್ಲ ಬೈದೆ. ನಾನು ಬೇಕು ಅಂತ ಮಾತ್ರ ಹೇಳ್ಲೇ ಇಲ್ಲ."

ಅವಳ ಕಣ್ಣಿನ ಕೆಂಡ ಇನ್ನೂ ಆರಿರಲಿಲ್ಲ. ಅದರ ಅಂಚಿನಲ್ಲೇ ನೀರು ತುಳುಕಿತು.

"ಬೇಕು ಕಣೋ."

"ಮೂರು ಸಲ ಕೂಗ್ಬೇಕು," ಎಂದ ಇನ್ನಾಸಿ. "ಇನ್ನೂ ಎರಡಿದೆ."